ಡೇರಿ ಲೆಕ್ಕ, ಜಾವಾ ಲೆಕ್ಕ

— ಪ್ರಾಜೆಕ್ಟ್ ಯಾವುದರ ಮೇಲೆ ಅಂದೆ?

— ನಮ್ಮೂರ ಹಾಲಿನ ಡೇರಿಗೆ ಒಂದು ಪ್ರೋಗ್ರಾಮ್, ಮಾಮ. ಬೆಳಗ್ಗೆ ಸಂಜೆ ಯಾರು ಎಷ್ಟು ಹಾಲು ಹಾಕಿದ್ರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದ್ರೆ ಕೊಬ್ಬು ಬಿಟ್ಟು ಮಿಕ್ಕ ಘನಾಂಶ ಎಷ್ಟು, ಬಟವಾಡೆ ದಿನ ಯಾರಿಗೆ ಎಷ್ಟು ದುಡ್ಡು. ಜಾವಾದಲ್ಲೇ ಬರೀಬೇಕು ಅಂತ ಕಾಲೇಜಲ್ಲಿ ಹೇಳಿದಾರೆ. ಸದಸ್ಯ ಅಂತ ಒಂದು ಕ್ಲಾಸ್ ಬರೆದೆ. ಅಲ್ಲೇ ನಿಂತುಬಿಟ್ಟಿದೀನಿ.

— ಏನೇನು ಹಾಕಿದೀಯ, ಓದು.

— ಸದಸ್ಯರ ನಂಬರು ಇಂಟ್. ಹೆಸರು ಸ್ಟ್ರಿಂಗ್. ಫೋನ್ ನಂಬರು ಇಂಟ್. ವಯಸ್ಸು ಬೈಟ್, ಮೆಮೊರಿ ಉಳೀಲಿ ಅಂತ. ಹಸುವೋ ಎಮ್ಮೆಯೋ ಅನ್ನೋದಕ್ಕೆ ಚಾರ್. ಲೀಟರ್, ಫ್ಯಾಟ್, ದುಡ್ಡು ಎಲ್ಲ ಡಬಲ್. ಬಟವಾಡೆ ಆಯ್ತಾ ಇಲ್ವಾ ಅನ್ನೋದು ಬೂಲಿಯನ್. ಎಂಟು ಮೂಲ ಟೈಪ್‌ಗಳಲ್ಲಿ ಐದು ಬಂದವು. ಶಾರ್ಟ್, ಲಾಂಗ್, ಫ್ಲೋಟ್ ಇನ್ನೂ ಉಳಿದಿವೆ.

— ಎಂಟನ್ನೂ ಬಳಸಿದ್ರೆ ಮಾರ್ಕ್ಸ್ ಜಾಸ್ತಿಯೇನೆ?

— ತಮಾಷೆ ಮಾಡಬೇಡಿ. ಫೋನ್ ನಂಬರಿನ ಸಾಲಿಗೆ ಕೆಂಪು ಗೆರೆ ಬರ್ತಿದೆ. ಸಂಖ್ಯೆ ತೀರಾ ದೊಡ್ಡದು ಅಂತಾನೆ ಕಂಪೈಲರ್.

— ಸರಿಯಾಗೇ ಹೇಳ್ತಿದಾನೆ. ಇಂಟ್‌ಗೆ ಇರೋದು 32 ಬಿಟ್. ಅದರಲ್ಲಿ ಒಂದು ಬಿಟ್ ಋಣವೋ ಧನವೋ ಅನ್ನೋದಕ್ಕೆ ಹೋಗುತ್ತೆ. ಮಿಕ್ಕಿದ್ದರಲ್ಲಿ ಹಿಡಿಯೋ ಅತಿ ದೊಡ್ಡ ಸಂಖ್ಯೆ 2147483647, ಅಂದ್ರೆ 214 ಕೋಟಿ ಚಿಲ್ಲರೆ. ನಮ್ಮ ದೇಶದ ಮೊಬೈಲ್ ನಂಬರು ಹತ್ತು ಅಂಕಿ, 6ರಿಂದ ಮೇಲೆ ಶುರು. ಅತಿ ಚಿಕ್ಕ ನಂಬರೇ 600 ಕೋಟಿ ಆಯ್ತು.

— ಹಾಗಾದ್ರೆ ಲಾಂಗ್ ಮಾಡ್ತೀನಿ. ಅದಕ್ಕೆ 64 ಬಿಟ್. ಕೊನೇಲಿ ಒಂದು ಎಲ್ ಹಾಕಿದ್ರೆ ಆಯ್ತು.

— ಕಂಪೈಲರ್ ಸುಮ್ಮನಾಗ್ತಾನೆ. ಆದ್ರೆ ಒಂದು ಕೇಳ್ತೀನಿ. ಇಬ್ಬರು ಸದಸ್ಯರ ಫೋನ್ ನಂಬರು ಯಾವತ್ತಾದ್ರೂ ಕೂಡ್ತೀಯಾ? ಸರಾಸರಿ ತೆಗೀತೀಯಾ?

— ಯಾರಾದ್ರೂ ಫೋನ್ ನಂಬರಿನ ಸರಾಸರಿ ತೆಗೀತಾರಾ!

— ಮತ್ತೆ ಅದು ಸಂಖ್ಯೆ ಹೇಗಾಯ್ತು? ಅಂಕಿಗಳಲ್ಲಿ ಬರೆದ ಗುರುತು ಅದು. ಸ್ಟ್ರಿಂಗ್ ಮಾಡು. ನೋಡೋಕೆ ಹೇಗಿದೆ ಅಂತ ಟೈಪ್ ಆರಿಸಬಾರದು ಕಣೆ, ಅದರ ಜೊತೆ ಏನು ಮಾಡ್ತೀಯ ಅಂತ ನೋಡಿ ಆರಿಸಬೇಕು. ಡೇರಿ ಆಫೀಸಿನ ಲ್ಯಾಂಡ್‌ಲೈನ್ ಇದ್ರೆ ಇನ್ನೂ ಮಜಾ. ಎಸ್‌ಟಿಡಿ ಕೋಡ್ ಅಂತ ಇಂಟ್‌ಗೆ 0821 ಅಂತ ಬರಿ ನೋಡು, ಮೈಸೂರಿಂದು.

— ಸೊನ್ನೆ ಹಾರಿಹೋಗುತ್ತೆ, 821 ಉಳಿಯುತ್ತೆ.

— ಕಂಪೈಲೇ ಆಗಲ್ಲ. ಮುಂದೆ ಸೊನ್ನೆ ಇದ್ರೆ ಜಾವಾ ಅದನ್ನ ಎಂಟರ ಲೆಕ್ಕದಲ್ಲಿ, ಆಕ್ಟಲ್‌ನಲ್ಲಿ ಓದುತ್ತೆ. ಸಿ ಭಾಷೆಯಿಂದ ಬಂದ ಹಳೇ ಚಾಳಿ. ಆಕ್ಟಲ್‌ನಲ್ಲಿ 8 ಅನ್ನೋ ಅಂಕಿಯೇ ಇಲ್ಲ. ಬೆಂಗಳೂರಿನ 080ನಿಂದ ಹಿಡಿದು ಧಾರವಾಡದ 0836ರ ತನಕ ನಮ್ಮ ರಾಜ್ಯದ ಕೋಡ್‌ಗಳೆಲ್ಲ 08 ಅಂತಲೇ ಶುರುವಾಗೋದ್ರಿಂದ ನಾವು ಬಚಾವು. ತಪ್ಪು ಅಲ್ಲೇ ಗೊತ್ತಾಗುತ್ತೆ. ಮುಂಬೈಯವರ ಗತಿ ನೋಡು. 022 ಅಂತ ಬರೆದ್ರೆ ಕಂಪೈಲ್ ಆಗಿಬಿಡುತ್ತೆ, ಓಡಿಸಿದ್ರೆ 18 ಅಂತ ಬರುತ್ತೆ. ದೆಹಲಿಯ 011 ಬರೀ 9.

— ಅಯ್ಯೋ. ಸರಿ, ಸ್ಟ್ರಿಂಗ್ ಮಾಡಿದೆ. ವಯಸ್ಸಿಗೆ ಬೈಟ್ ಪರವಾಗಿಲ್ವಾ? ಮೈನಸ್ 128ರಿಂದ 127. ಅಷ್ಟು ವಯಸ್ಸಿನ ಸದಸ್ಯರು ಯಾರೂ ಇಲ್ಲ.

— ಹಿಡಿಯುತ್ತೆ. ಆದ್ರೆ ಬೈಟ್ ಜೊತೆ ಒಂದು ಕೂಡಿದ್ರೂ ಉತ್ತರ ಇಂಟ್ ಆಗಿ ಬರುತ್ತೆ, ವಾಪಸ್ ಬೈಟ್‌ಗೆ ಹಾಕೋಕೆ ಕ್ಯಾಸ್ಟ್ ಮಾಡಬೇಕು, ಕ್ಯಾಸ್ಟ್ ಮಾಡಿದ್ರೆ ಅಳತೆ ಮೀರಿದ್ದನ್ನ ಕಂಪೈಲರ್ ಕೇಳದೆ ಕತ್ತರಿಸ್ತಾನೆ. 200ನ್ನ ಬೈಟ್‌ಗೆ ಕ್ಯಾಸ್ಟ್ ಮಾಡು, ಮೈನಸ್ 56 ಸಿಗುತ್ತೆ.

— ಗೊತ್ತು ಗೊತ್ತು, ಏರಿಯಾನ್ ರಾಕೆಟ್ ಕಥೆಗೆ ಬರ್ತಿದೀರ. 1996ರಲ್ಲಿ 64 ಬಿಟ್‌ನ ಸಂಖ್ಯೆಯನ್ನ 16 ಬಿಟ್‌ಗೆ ತುರುಕೋಕೆ ಹೋಗಿ, ಹಾರಿದ ಒಂದು ನಿಮಿಷದೊಳಗೆ ಚೂರಾಯ್ತು. ನಮ್ಮ ಮೇಷ್ಟ್ರು ವರ್ಷಕ್ಕೆರಡು ಸಲ ಹೇಳ್ತಾರೆ.

— ಹಾಗಿದ್ರೆ ಬಿಡು. ಬೈಟ್ ಇರೋದು ಫೈಲಿಂದಲೋ ನೆಟ್‌ವರ್ಕಿಂದಲೋ ಕಚ್ಚಾ ಮಾಹಿತಿ ಓದೋದಕ್ಕೆ. ಮುನ್ನೂರು ಜನರ ವಯಸ್ಸಲ್ಲಿ ಮೂರು ಮೂರು ಬೈಟ್ ಉಳಿಸಿ ಏನು ಮಾಡ್ತೀಯ? ಅಲ್ಲದೆ ವಯಸ್ಸು ಬರೆದಿಟ್ರೆ ಮುಂದಿನ ವರ್ಷ ಅದೇ ಸುಳ್ಳು. ಹುಟ್ಟಿದ ದಿನಾಂಕ ಇಟ್ಕೊ.

— ಇಂಟ್ ಬಗ್ಗೆ ಒಂದು ಅನುಮಾನ. ಲ್ಯಾಬ್‌ನಲ್ಲಿ ಹಳೇ ಸಿ ಪುಸ್ತಕ ಇದೆ, ಅದರಲ್ಲಿ ಇಂಟ್ ಅಂದ್ರೆ ಎರಡು ಬೈಟ್ ಅಂತ ಬರೆದಿದಾರೆ.

— ಅವರೂ ಸುಳ್ಳು ಹೇಳಿಲ್ಲ. ನಾವು ಟರ್ಬೊ ಸಿಯಲ್ಲಿ ಕಲಿತೋರು, ಅಲ್ಲಿ ಇಂಟ್ 32767ಕ್ಕೆ ಮುಗೀತಿತ್ತು. ಸಿಯಲ್ಲಿ ಇಂಟ್‌ನ ಗಾತ್ರ ಯಂತ್ರಕ್ಕೂ ಕಂಪೈಲರ್‌ಗೂ ಬಿಟ್ಟಿದ್ದು. ಇವತ್ತಿನ ಕಂಪೈಲರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬೈಟ್. ಜಾವಾ ಹುಟ್ಟಿದ್ದೇ ಬೇರೆ ಕಾರಣಕ್ಕೆ. 1991ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಮನೆಬಳಕೆಯ ಉಪಕರಣಗಳಿಗೆ ಅಂತ ಶುರುಮಾಡಿದ ಕೆಲಸ ಅದು. ಒಂದೊಂದು ಡಬ್ಬಿಯಲ್ಲಿ ಒಂದೊಂದು ಥರದ ಚಿಪ್. ಒಂದು ಸಲ ಬರೆದ ಪ್ರೋಗ್ರಾಮ್ ಎಲ್ಲ ಕಡೆ ಒಂದೇ ಥರ ಓಡಬೇಕು ಅಂದ್ರೆ ಗಾತ್ರವನ್ನ ಯಂತ್ರದ ಮರ್ಜಿಗೆ ಬಿಡೋ ಹಾಗಿಲ್ಲ. 1995ರಲ್ಲಿ ಭಾಷೆ ಹೊರಬಂದಾಗ ಇಂಟ್ 32, ಲಾಂಗ್ 64, ಶಾರ್ಟ್ 16, ಬೈಟ್ 8 ಅಂತ ಗೆರೆ ಎಳೆದಾಗಿತ್ತು. ಆ ಗೆರೆಯನ್ನ ಇವತ್ತಿಗೂ ಯಾರೂ ಅಳಿಸಿಲ್ಲ.

— ಗೆರೆ ದಾಟಿದ್ರೆ?

— ಅಲ್ಲಿಗೇ ಬಂದೆ. ನಿನ್ನ ಡೇರಿಯ ಲೀಟರ್ ಲೆಕ್ಕವನ್ನ ಡಬಲ್ ಬಿಟ್ಟು ಮಿಲಿಲೀಟರ್ ಮಾಡಿ ಪೂರ್ಣಾಂಕದಲ್ಲಿ ಇಡ್ತೀಯ ಅಂದ್ಕೊ. ಒಳ್ಳೇ ಯೋಚನೆಯೇ. ನಿನ್ನೂರಿನ ಮಟ್ಟಿಗೆ ಇಂಟ್ ಸಾಕು. ಈಗ ಇದೇ ಪ್ರೋಗ್ರಾಮನ್ನ ಇಡೀ ರಾಜ್ಯಕ್ಕೆ ಹಾಕಿದ್ರು ಅನ್ನು. ಕೆಎಂಎಫ್‌ನ ಒಂದು ದಿನದ ಹಾಲು 2024ರಲ್ಲಿ 1 ಕೋಟಿ ಲೀಟರ್ ಮುಟ್ಟಿತ್ತು. 1 ಕೋಟಿಯನ್ನ 1000ದಿಂದ ಗುಣಿಸು. ಜಾವಾಕ್ಕೆ ಹೇಳು, ಎಷ್ಟು ಬರುತ್ತೆ ನೋಡೋಣ.

— ತಾಳಿ, ಟೈಪ್ ಮಾಡ್ತೀನಿ. 1410065408. ಅಂದ್ರೆ... 14 ಲಕ್ಷ 10 ಸಾವಿರ ಲೀಟರ್? ಮಿಕ್ಕ 85 ಲಕ್ಷ ಲೀಟರ್ ಎಲ್ಲಿ ಹೋಯ್ತು?

— ಗಡಿಯಾರ ಹನ್ನೆರಡು ದಾಟಿ ಮತ್ತೆ ಒಂದಕ್ಕೆ ಬರುತ್ತಲ್ಲ, ಹಾಗೆ ಎರಡು ಸುತ್ತು ಹಾಕಿ ಬಂದು ನಿಂತಿದೆ. ಒಂದು ಸುತ್ತು ಅಂದ್ರೆ 429 ಕೋಟಿ ಚಿಲ್ಲರೆ. ಬಹಳ ಜನ ಓವರ್‌ಫ್ಲೋ ಆದ್ರೆ ಮೈನಸ್ ಬರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ ಅಂದ್ಕೊಂಡಿರ್ತಾರೆ. ಇಲ್ಲಿ ಮೈನಸ್ಸೂ ಇಲ್ಲ, ಎರರ್ರೂ ಇಲ್ಲ. ಒಂದು ದೊಡ್ಡ ಜಿಲ್ಲೆಯ ಹಾಲು ಅಂತ ಹೇಳಿದ್ರೆ ಯಾರಾದ್ರೂ ನಂಬೋ ಅಂಥ ಮರ್ಯಾದಸ್ಥ ಸಂಖ್ಯೆ ಅದು. ನನಗೆ ಭಯ ಇಂಥ ಸಂಖ್ಯೆಗಳದ್ದೇ.

— ಉತ್ತರ ಹಾಕೋ ವೇರಿಯಬಲ್‌ನ ಲಾಂಗ್ ಮಾಡಿದೆ ಮಾಮ. ಆದ್ರೂ ಅದೇ ಬರ್ತಿದೆ!

— ಬರಲೇಬೇಕು. ಬಲಗಡೆ ಎರಡೂ ಇಂಟ್, ಗುಣಾಕಾರ ಇಂಟ್‌ನಲ್ಲೇ ಮುಗಿದುಹೋಯ್ತು. ಹಾಳಾದ ಮೇಲೆ ಲಾಂಗ್‌ಗೆ ಸುರಿದೆ. ಗುಣಿಸೋ ಮೊದಲೇ ಎರಡರಲ್ಲಿ ಒಂದು ಲಾಂಗ್ ಆಗಿರಬೇಕು. 1000ದ ಪಕ್ಕ ಎಲ್ ಹಾಕು.

— ಹಾ, ಈಗ 10000000000 ಬಂತು. ಪೈಥಾನ್‌ನಲ್ಲಿ ಇದ್ಯಾವ ರಗಳೆಯೂ ಇಲ್ಲ ನೋಡಿ. ಸಂಖ್ಯೆ ಎಷ್ಟು ಬೇಕಾದ್ರೂ ಬೆಳೆಯುತ್ತೆ. ಜಾವಾದವರು ಯಾಕೆ ಹಾಗೆ ಮಾಡಲಿಲ್ಲ? ಎಲ್ಲವೂ ಆಬ್ಜೆಕ್ಟ್ ಅಂತ ಪಾಠದಲ್ಲಿ ಹೇಳ್ತಾರೆ, ಇಂಟ್ ಮಾತ್ರ ಆಬ್ಜೆಕ್ಟ್ ಅಲ್ಲ.

— ಪಾಠದಲ್ಲಿ ಹಾಗೆ ಹೇಳೋದು ಸ್ಮಾಲ್‌ಟಾಕ್‌ಗೆ ಒಪ್ಪುತ್ತೆ. 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್‌ನಲ್ಲಿ ಅಲನ್ ಕೇ ತಂಡ ಕಟ್ಟಿದ ಭಾಷೆ. ಅಲ್ಲಿ 3 ಕೂಡ ಆಬ್ಜೆಕ್ಟ್, ಕೂಡಿಸು ಅಂತ ಅದಕ್ಕೇ ಸಂದೇಶ ಕಳಿಸಬೇಕು. ಅಂದದ ಯೋಚನೆ. ಜಾವಾದವರು ವೇಗಕ್ಕೋಸ್ಕರ ರಾಜಿಯಾದ್ರು. ಒಂದು ಇಂಟ್‌ಗೆ 4 ಬೈಟ್. ಅದನ್ನೇ ಇಂಟೀಜರ್ ಅನ್ನೋ ಆಬ್ಜೆಕ್ಟ್ ಮಾಡಿದ್ರೆ ಸಾಮಾನ್ಯವಾಗಿ 16 ಬೈಟ್, ಜೊತೆಗೆ ಅದು ಎಲ್ಲಿದೆ ಅಂತ ತೋರಿಸೋ ವಿಳಾಸ ಬೇರೆ. ಹತ್ತು ಲಕ್ಷ ಸಂಖ್ಯೆ ಇಟ್ಟು ಕೂಡಿಸೋವಾಗ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಆ ರಾಜಿ ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ಇದೆ. ನನಗೆ ಕೇಳಿದ್ರೆ ವೇಗದ ವಿಷಯದಲ್ಲಿ ಸರಿ, ಮೌನದ ವಿಷಯದಲ್ಲಿ ತಪ್ಪು. ಅಳತೆ ಮೀರಿದಾಗ ಕೂಗೋ ಆಡ್‌ಎಕ್ಸಾಕ್ಟ್, ಮಲ್ಟಿಪ್ಲೈಎಕ್ಸಾಕ್ಟ್ ಮೆಥಡ್‌ಗಳು ಬಂದಿದ್ದು ಜಾವಾ 8ರಲ್ಲಿ, 2014ಕ್ಕೆ. ಹತ್ತೊಂಬತ್ತು ವರ್ಷ ಬೇಕಾಯ್ತು. ದುಡ್ಡಿನ ಲೆಕ್ಕ ಬರೆಯೋರು ಅವನ್ನ ಬಳಸಬೇಕು. ಇನ್ನು ನಿನ್ನ ಪೈಥಾನ್ ಬಗ್ಗೆ: ಪೂರ್ಣಾಂಕದಲ್ಲಿ ಅದು ಗೆದ್ದಿದೆ, ಒಪ್ಪಿದೆ. ಅದರಲ್ಲಿ 0.1ಕ್ಕೆ 0.2 ಕೂಡು.

— 0.30000000000000004. ಜಾವಾದಲ್ಲೂ?

— ಅದೇ, ಒಂದು ಅಂಕಿಯೂ ವ್ಯತ್ಯಾಸ ಇಲ್ಲ. ಇಬ್ಬರೂ ಪಾಲಿಸೋದು ಐಇಇಇ 754 ಅನ್ನೋ ಒಂದೇ ಕಟ್ಟಳೆ. 1985ರದ್ದು, ವಿಲಿಯಂ ಕಹಾನ್ ಅದರ ಹಿಂದಿನ ಮುಖ್ಯ ತಲೆ. ಒಂದನ್ನ ಮೂರರಿಂದ ಭಾಗಿಸಿದ್ರೆ ನಮ್ಮ ದಶಮಾಂಶದಲ್ಲಿ 0.333 ಅಂತ ಮುಗಿಯದೆ ಹೋಗುತ್ತಲ್ಲ, ಎರಡರ ಲೆಕ್ಕದಲ್ಲಿ ಹತ್ತನೇ ಒಂದು ಭಾಗವೂ ಹಾಗೇ. ಎಲ್ಲೋ ಕಡಿಯಲೇಬೇಕು. ಡಬಲ್ 64 ಬಿಟ್‌ಗೆ ಕಡಿಯುತ್ತೆ, ಫ್ಲೋಟ್ 32ಕ್ಕೇ ಕಡಿಯುತ್ತೆ.

— ಹದಿನೇಳನೇ ಸ್ಥಾನದಲ್ಲಿ 4 ಬಂದ್ರೆ ಡೇರಿ ಮುಳುಗುತ್ತಾ?

— ರೈತರಿಗೆ ಪೈಸೆ ಲೆಕ್ಕ ಕೊಡಬೇಕು. 4 ರೂಪಾಯಿ 35 ಪೈಸೆ ಇದೆ, ಅದನ್ನ ಪೈಸೆಗೆ ತಿರುಗಿಸೋಕೆ 4.35 ಗುಣಿಸು 100 ಅಂತ ಬರೆದು ಇಂಟ್‌ಗೆ ಕ್ಯಾಸ್ಟ್ ಮಾಡು.

— 435 ಬರ್ಬೇಕು... 434! ಯಾಕೆ?

— ಗುಣಿಸಿದ್ದು 434.99999999999994. ಕ್ಯಾಸ್ಟ್ ಮಾಡಿದಾಗ ಬಿಂದುವಿನ ಆಚೆಯದ್ದೆಲ್ಲ ಕಿತ್ತುಹೋಯ್ತು. ಒಂದು ಪೈಸೆ ಅನ್ಬೇಡ. ಬಟವಾಡೆ ಪಟ್ಟಿಯ ಒಟ್ಟು ಮೊತ್ತಕ್ಕೂ ಸದಸ್ಯರಿಗೆ ಬರೆದ ಮೊತ್ತಗಳನ್ನ ಕೂಡಿದ್ದಕ್ಕೂ ತಾಳೆಯಾಗದೆ ಸೆಕ್ರೆಟರಿ ರಾತ್ರಿ ಕೂತಿರ್ತಾರೆ. ಆಡಿಟ್‌ನವರು ಒಂದು ಪೈಸೆ ವ್ಯತ್ಯಾಸಕ್ಕೂ ಪ್ರಶ್ನೆ ಹಾಕ್ತಾರೆ, ಯಾಕೆಂದ್ರೆ ಅದರ ಹಿಂದೆ ಎಷ್ಟಿದೆಯೋ ಅವರಿಗೂ ಗೊತ್ತಿರಲ್ಲ.

— ಹಾಗಾದ್ರೆ ದುಡ್ಡನ್ನ ಪೈಸೆಯಲ್ಲೇ ಇಡ್ತೀನಿ, ಇಂಟ್‌ನಲ್ಲಿ.

— ಪೈಸೆ ಸರಿ. ಇಂಟ್ ಹಿಡಿಯೋದು 2 ಕೋಟಿ 14 ಲಕ್ಷ ರೂಪಾಯಿ ಮಾತ್ರ. ದಿನಕ್ಕೆ 2000 ಲೀಟರ್ ಬರೋ ಸಂಘ, ಲೀಟರಿಗೆ 32 ರೂಪಾಯಿ ಅಂತ ಹಿಡಿ. ವರ್ಷಕ್ಕೆ 2 ಕೋಟಿ 33 ಲಕ್ಷ ಆಯ್ತು. ವಾರ್ಷಿಕ ಸಭೆಗೆ ವರದಿ ತೆಗೆಯೋ ಹೊತ್ತಿಗೆ ಮೈನಸ್ ಬರುತ್ತೆ. ಲಾಂಗ್ ಹಾಕು. ಪೈಸೆಯಲ್ಲಿ ಎಣಿಸಿದ್ರೂ ಅದು 92 ಸಾವಿರ ಲಕ್ಷ ಕೋಟಿ ರೂಪಾಯಿ ತನಕ ಹೋಗುತ್ತೆ, ನಿನ್ನ ಸಂಘ ಅಲ್ಲಿಗೆ ಮುಟ್ಟಲ್ಲ.

— ಗುಣಾಕಾರ? 7.3 ಲೀಟರ್ ಹಾಲು, ದರ 32 ರೂಪಾಯಿ 65 ಪೈಸೆ. 238 ರೂಪಾಯಿ ಮೂವತ್ತನಾಲ್ಕೂವರೆ ಪೈಸೆ ಬರುತ್ತೆ. ಅರ್ಧ ಪೈಸೆ ಏನು ಮಾಡಲಿ?

— ನಾನು ಕಾಯ್ತಿದ್ದ ಪ್ರಶ್ನೆ. ಡಬಲ್‌ನಲ್ಲಿ ಬರೆದಿದ್ರೆ ಈ ಪ್ರಶ್ನೆ ನಿನಗೆ ಹುಟ್ತಾನೇ ಇರಲಿಲ್ಲ, ಅದು ತನಗೆ ತೋಚಿದ ಹಾಗೆ ಮಾಡಿ ಮುಗಿಸ್ತಿತ್ತು. ಇಲ್ಲಿ ಬಿಗ್‌ಡೆಸಿಮಲ್ ಅನ್ನೋ ಕ್ಲಾಸ್ ಬಳಸು. ಅದು ದಶಮಾಂಶವನ್ನ ದಶಮಾಂಶವಾಗೇ ಇಡುತ್ತೆ, ಆದ್ರೆ ಸಂಖ್ಯೆಯನ್ನ ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಕೊಡಬೇಕು. ಡಬಲ್ ಕೊಟ್ರೆ ಡಬಲ್‌ನ ಕೊಳೆಯೂ ಜೊತೆಗೇ ಬರುತ್ತೆ. ಕಡಿಯೋವಾಗ ಎತ್ತ ಕಡಿಯಲಿ ಅಂತ ನೀನೇ ಹೇಳಬೇಕು. ಹಾಫ್ ಅಪ್ ಅಂದ್ರೆ 35 ಪೈಸೆ, ಹಾಫ್ ಈವನ್ ಅಂದ್ರೆ ಹತ್ತಿರದ ಸಮ ಅಂಕಿಗೆ, 34 ಪೈಸೆ. ನೂರನ್ನ ಮೂರರಿಂದ ಭಾಗಿಸು ಅಂತ ಬರೀ ಹೇಳಿದ್ರೆ ಉತ್ತರವನ್ನೇ ಕೊಡಲ್ಲ, ಎಕ್ಸೆಪ್ಶನ್ ಎಸೆಯುತ್ತೆ. ಬಹಳ ಜನಕ್ಕೆ ಇದು ಕಿರಿಕಿರಿ. ನನಗೆ ಈ ಕ್ಲಾಸಿನಲ್ಲಿ ಹಿಡಿಸೋದೇ ಆ ಹಟ. ಅರ್ಧ ಪೈಸೆ ರೈತನಿಗೋ ಸಂಘಕ್ಕೋ ಅನ್ನೋದನ್ನ ತೀರ್ಮಾನ ಮಾಡೋಕೆ ಜಾವಾ ಯಾರು?

— ಫ್ಯಾಟ್‌ಗೂ ಇಷ್ಟೆಲ್ಲ ಬೇಕಾ?

— ಫ್ಯಾಟ್ ಯಂತ್ರದ ಅಳತೆ. ಅಳತೆಯಲ್ಲೇ ಸ್ವಲ್ಪ ಆಚೀಚೆ ಇರುತ್ತೆ, ಹದಿನೇಳನೇ ಸ್ಥಾನ ಅಲ್ಲಿ ಲೆಕ್ಕಕ್ಕಿಲ್ಲ. ಡಬಲ್ ಇರ್ಲಿ. ಆದ್ರೆ ಫ್ಯಾಟ್ 4.1 ಇದ್ರೆ ಇಂಥ ದರ ಅಂತ ಪಟ್ಟಿ ನೋಡೋ ಕಡೆ ಡಬಲ್‌ಗಳನ್ನ ಸಮನಾ ಅಂತ ಹೋಲಿಸಬೇಡ. ಅಲ್ಲಿ 41 ಅಂತ ಇಂಟ್ ಮಾಡ್ಕೊ. ಮಾಡೋವಾಗ ಕ್ಯಾಸ್ಟ್ ಬೇಡ, ರೌಂಡ್ ಮಾಡು.

— ಚಾರ್?

— ಹಸುಗೆ ಎಚ್, ಎಮ್ಮೆಗೆ ಇ ಅಂತ ಇಟ್ಟಿದೀಯ ತಾನೆ? ಯಾರೋ ಸಣ್ಣ ಎಚ್ ಒತ್ತುತಾರೆ, ಇನ್ಯಾರೋ ಎಕ್ಸ್. ಈನಮ್ ಮಾಡು, ಎರಡೇ ಹೆಸರು, ಮೂರನೆಯದಕ್ಕೆ ಜಾಗವೇ ಇಲ್ಲ. ಚಾರ್ ನಮ್ಮಂಥೋರಿಗೆ ಬೇರೆ ಕಡೆ ಕೈ ಕೊಡುತ್ತೆ. ಚೀಟಿ ಕನ್ನಡದಲ್ಲಿ ಮುದ್ರಿಸ್ತೀಯಾ?

— ಹೂಂ, ಹೆಸರೆಲ್ಲ ಕನ್ನಡ. ಚೀಟಿ ಸಣ್ಣದು, ಅದಕ್ಕೆ ಹೆಸರನ್ನ ಏಳು ಅಕ್ಷರಕ್ಕೆ ಕತ್ತರಿಸ್ತೀನಿ.

— ಕೃಷ್ಣಪ್ಪ ಅಂತ ಕೊಡು. ಲೆಂತ್ ಎಷ್ಟು ಹೇಳುತ್ತೆ?

— ಮೂರಕ್ಷರ... ಅಲ್ಲ, 8 ಅಂತಿದೆ! ಕತ್ತರಿಸಿದ್ರೆ ಕೃಷ್ಣಪ್ ಅಂತ ಬರ್ತಿದೆ.

— ಕ, ಋ ಕಾರದ ಗುರುತು, ಷ, ವಿರಾಮ, ಣ, ಪ, ವಿರಾಮ, ಪ. ಎಂಟು ಚಾರ್. ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ, ವ್ಯಂಜನ, ವಿರಾಮ, ಇನ್ನೊಂದು ವ್ಯಂಜನ ಅಂತ ಪೋಣಿಸ್ತಾರೆ. ಸ್ತ್ರೀ ಅನ್ನೋ ಒಂದೇ ಅಕ್ಷರ ಜಾವಾದ ಪಾಲಿಗೆ ಆರು ಚಾರ್. ಚಾರ್ ಅನ್ನೋದು ಅಕ್ಷರ ಅಲ್ಲ ಕಣೆ, 16 ಬಿಟ್‌ನ ಒಂದು ಸಂಖ್ಯೆ, 0ಯಿಂದ 65535ರ ತನಕ. ‘ಕ’ ಅಂದ್ರೆ ಅದಕ್ಕೆ 3221, ಒಂದು ಕೂಡಿದ್ರೆ 3222, ‘ಖ’. ಜಾವಾ ರೂಪಿಸಿದ ಕಾಲದಲ್ಲಿ ಜಗತ್ತಿನ ಲಿಪಿಗೆಲ್ಲ 16 ಬಿಟ್ ಸಾಕು ಅನ್ನೋ ನಂಬಿಕೆ ಇತ್ತು. ಸಾಕಾಗಲಿಲ್ಲ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತಲ್ಲ, ಅದರ ಜಾಗ 65535ರ ಆಚೆ. ಆ ಲಿಪಿಯ ಒಂದೊಂದು ಚಿಹ್ನೆಗೂ ಜಾವಾದಲ್ಲಿ ಎರಡೆರಡು ಚಾರ್ ಬೇಕು. ಇಮೋಜಿಗಳ ಕಥೆಯೂ ಬಹುಪಾಲು ಅದೇ.

— ಮತ್ತೆ ಹೆಸರು ಕತ್ತರಿಸೋದು ಹೇಗೆ?

— ಕತ್ತರಿಸಲೇಬೇಡ. ಯಾರಿಗಾದ್ರೂ ತಮ್ಮ ಹೆಸರನ್ನ ಅರ್ಧ ನೋಡೋಕೆ ಇಷ್ಟ ಆಗುತ್ತಾ? ಎರಡು ಸಾಲಲ್ಲಿ ಹಾಕು.

— ಸದಸ್ಯರ ನಂಬರ್ ಮಾತ್ರ ಇಂಟ್ ಆಗಿ ಉಳೀತು. ಹ್ಯಾಶ್‌ಮ್ಯಾಪ್‌ನಲ್ಲಿ ಇಡೋಕೆ ಇಂಟ್ ಆಗಲ್ಲ, ಇಂಟೀಜರ್ ಬೇಕು ಅಂತ ಬಂತು, ಅದಕ್ಕೆ ಅದನ್ನೇ ಹಾಕಿದೆ. ಎರಡೂ ಒಂದೇ ತಾನೆ? ತಾನಾಗಿ ಬದಲಾಗುತ್ತಂತೆ.

— 2004ರ ಜಾವಾ 5ರಿಂದ ತಾನಾಗಿ ಬದಲಾಗುತ್ತೆ, ಅದೇ ಅಪಾಯ. ಎರಡು ನಂಬರು ಒಂದೇನಾ ಅಂತ ಹೇಗೆ ನೋಡ್ತೀಯ?

— ಎರಡು ಈಕ್ವಲ್ ಹಾಕಿ. ಹತ್ತು ಜನ ಸದಸ್ಯರನ್ನ ಹಾಕಿ ಪರೀಕ್ಷೆ ಮಾಡಿದೆ, ಸರಿಯಾಗೇ ಬಂತು.

— 127ನೇ ಸದಸ್ಯರ ತನಕ ಸರಿಯಾಗೇ ಬರುತ್ತೆ. 128ನೇ ಸದಸ್ಯ ಬಂದು ಹಾಲು ಹಾಕಿದ್ರೆ ಅಂಥೋರು ಯಾರೂ ಇಲ್ಲ ಅನ್ನುತ್ತೆ.

— ಏನು? ಮಾಟ ಗೀಟನಾ?

— ಇಂಟ್‌ಗಳ ನಡುವೆ ಎರಡು ಈಕ್ವಲ್ ಹಾಕಿದ್ರೆ ಬೆಲೆ ಹೋಲಿಸುತ್ತೆ. ಇಂಟೀಜರ್‌ಗಳ ನಡುವೆ ಹಾಕಿದ್ರೆ ಎರಡೂ ಒಂದೇ ಆಬ್ಜೆಕ್ಟಾ ಅಂತ ನೋಡುತ್ತೆ. ಮೈನಸ್ 128ರಿಂದ 127ರ ತನಕದ ಇಂಟೀಜರ್‌ಗಳನ್ನ ಜಾವಾ ಮೊದಲೇ ಮಾಡಿಟ್ಟು ಕೇಳಿದಾಗೆಲ್ಲ ಅದನ್ನೇ ಕೊಡುತ್ತೆ, ಹಾಗಾಗಿ ಹೋಲಿಕೆ ಅಕಸ್ಮಾತ್ ಸರಿ ಬರುತ್ತೆ. 128ರಿಂದ ಸಾಮಾನ್ಯವಾಗಿ ಪ್ರತಿಸಲ ಹೊಸ ಆಬ್ಜೆಕ್ಟ್. ಬೆಲೆ ಒಂದೇ, ಆಬ್ಜೆಕ್ಟ್ ಬೇರೆ. ಈಕ್ವಲ್ಸ್ ಮೆಥಡ್ ಹಾಕಿ ಹೋಲಿಸು. ಇನ್ನೂ ಒಂದಿದೆ, ಇಂಟ್‌ನಲ್ಲಿ ಯಾವಾಗ್ಲೂ ಏನೋ ಒಂದು ಸಂಖ್ಯೆ ಇರುತ್ತೆ. ಇಂಟೀಜರ್ ನಲ್ ಆಗಬಹುದು, ಅಂದ್ರೆ ಏನೂ ಇಲ್ಲ. ಆ ನಲ್ ಅನ್ನ ಇಂಟ್‌ಗೆ ಹಾಕೋಕೆ ಹೋದ್ರೆ ಪ್ರೋಗ್ರಾಮ್ ಅಲ್ಲೇ ಬೀಳುತ್ತೆ.

— ಬೂಲಿಯನ್ ಮಾತ್ರ ತಂಟೆ ಇಲ್ಲದ್ದು. ಹೌದು ಅಥವಾ ಇಲ್ಲ.

— ಬಟವಾಡೆ ಆಯ್ತಾ? ಬ್ಯಾಂಕಿಗೆ ಕಳಿಸಿದೀವಿ, ಖಾತೆಗೆ ಬಿದ್ದಿಲ್ಲ. ಇದು ಹೌದಾ, ಇಲ್ವಾ?

— ...ಈನಮ್ ಮಾಡ್ತೀನಿ. ಮಾಮ, ನೀವು ಹೇಳ್ತಾ ಹೋದ್ರೆ ಮೂಲ ಟೈಪ್ ಒಂದೂ ಉಳಿಯಲ್ಲ.

— ಉಳಿಯುತ್ತೆ, ಒಳಗಡೆ. ಈಗ ನಿನ್ನ ದರ ಲೆಕ್ಕ ಹಾಕೋ ಮೆಥಡ್ ತೋರಿಸು. ಎರಡು ಡಬಲ್ ತಗೊಳ್ಳುತ್ತೆ, ಮೊದಲು ಫ್ಯಾಟ್, ಆಮೇಲೆ ಎಸ್‌ಎನ್‌ಎಫ್. ಯಾವತ್ತೋ ನಿದ್ದೆಗಣ್ಣಲ್ಲಿ ಅದಲು ಬದಲು ಕೊಟ್ರೆ? ಎರಡೂ ಡಬಲ್, ಕಂಪೈಲರ್‌ಗೆ ಗೊತ್ತಾಗೋ ದಾರಿ ಇಲ್ಲ. ಎಸ್‌ಎನ್‌ಎಫ್ ಫ್ಯಾಟ್‌ಗಿಂತ ಜಾಸ್ತಿ ಇರೋದ್ರಿಂದ ಹಸುವಿನ ಹಾಲಿಗೆ ಎಮ್ಮೆ ಹಾಲನ್ನ ಮೀರಿಸೋ ಫ್ಯಾಟ್ ಬಂದುಬಿಡುತ್ತೆ. ಫ್ಯಾಟ್ ಅನ್ನೋ ಒಂದು ಪುಟ್ಟ ಕ್ಲಾಸ್, ಒಳಗೆ ಒಂದೇ ಡಬಲ್. ಎಸ್‌ಎನ್‌ಎಫ್ ಅನ್ನೋದು ಇನ್ನೊಂದು. ಹಣ ಅನ್ನೋದು ಮತ್ತೊಂದು, ಒಳಗೆ ಪೈಸೆ ಲೆಕ್ಕದ ಲಾಂಗ್, ಹಣಕ್ಕೆ ಹಣ ಕೂಡಬಹುದು, ಹಣಕ್ಕೆ ಫ್ಯಾಟ್ ಕೂಡೋ ಹಾಗಿಲ್ಲ. ಈಗ ಅದಲು ಬದಲಾದ್ರೆ ಕೆಂಪು ಗೆರೆ ಬರುತ್ತೆ. ಜಾವಾ 16ರಿಂದ ರೆಕಾರ್ಡ್ ಅಂತ ಬಂದಿದೆ, ಒಂದೇ ಸಾಲಲ್ಲಿ ಮುಗಿಯುತ್ತೆ. ಋಣ ಫ್ಯಾಟ್ ಬರೋದು ಬೇಡ ಅಂದ್ರೆ ಅದರ ಕನ್‌ಸ್ಟ್ರಕ್ಟರ್‌ನಲ್ಲೇ ತಡೆದುಬಿಡು.

— ಇಷ್ಟು ಚಿಕ್ಕದಕ್ಕೆ ಒಂದೊಂದು ಕ್ಲಾಸ್ ಅಂದ್ರೆ ಮೇಷ್ಟ್ರು ನಗ್ತಾರೆ.

— 4.35ರ ಲೆಕ್ಕ ಅವರ ಮುಂದೆ ಓಡಿಸು, ಆಮೇಲೂ ನಕ್ರೆ ನಗಲಿ.

— ಒಂದು ಬಾಕಿ ಇದೆ. ಕೆಲವು ಸಲ ಬೆಳಗ್ಗೆ ಕರೆಂಟ್ ಹೋಗಿರುತ್ತೆ, ಟೆಸ್ಟಿಂಗ್ ಮಷೀನ್ ಓಡಲ್ಲ. ಹಾಲು ಮಾತ್ರ ತಗೊಂಡಿರ್ತಾರೆ. ಆಗ ಫ್ಯಾಟ್ ಏನು ಹಾಕಲಿ? ಏನೂ ಹಾಕದಿದ್ರೆ ಕ್ಲಾಸಿನೊಳಗಿನ ಡಬಲ್ ತಾನಾಗಿ 0.0 ಆಗುತ್ತೆ.

— 0.0 ಅಂದ್ರೆ ಆ ಹಾಲಲ್ಲಿ ಕೊಬ್ಬೇ ಇಲ್ಲ ಅಂತ ಬರೆದ ಹಾಗೆ. ಅಳೆದಿಲ್ಲ ಅನ್ನೋದು ಬೇರೆ ಮಾತು, ಅದನ್ನ ಬೇರೆಯಾಗೇ ಇಡಬೇಕು. ಆವತ್ತಿನ ಹಾಲಿಗೆ ದುಡ್ಡು ಹೇಗೆ ಕೊಡ್ತಾರೆ ನಿಮ್ಮಲ್ಲಿ?

— ಹಿಂದಿನ ದಿನದ ಫ್ಯಾಟ್ ಹಿಡೀತಾರೆ ಅಂತ ಅಮ್ಮ ಹೇಳ್ತಿದ್ಲು. ಇಲ್ಲ, ವಾರದ ಸರಾಸರಿ ಅಂತ ಪಕ್ಕದ ಮನೆಯೋರು. ಸರಿಯಾಗಿ ಗೊತ್ತಿಲ್ಲ.

— ಅದು ಗೊತ್ತಾಗೋ ತನಕ ಆ ಸಾಲು ಬರೀಬೇಡ. ಸೆಕ್ರೆಟರಿ ಹತ್ರ ಕೇಳು.

— ಈಗ ಸಂಜೆ ಹಾಲು ಅಳೀತಿರ್ತಾರೆ. ಏಳೂವರೆ ಮೇಲೆ ಹೋಗ್ತೀನಿ. ಅರ್ಧ ಪೈಸೆ ಯಾರಿಗೆ ಅನ್ನೋದನ್ನೂ ಕೇಳ್ಕೊಂಡು ಬರ್ಲಾ?

— ಅದನ್ನ ಮೊದಲು ಕೇಳು.